ಬಾಯಿಲ್ಲದ ಗೋಡೆ

ಮಗಳು ಆ ಬ್ಲಾಕನ್ನು ಶಾಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ಪಕ್ಕದ ಸೀಟಿನ ಹೆಂಗಸು ಮಗುವಿರಬೇಕೆಂದು ಶಾಲನ್ನು ಸರಿಸಿ ನೋಡಿ, ಬೂದು ಸಿಮೆಂಟಿನ ಮುಖ ಕಂಡು, ಮುಂದಿನ ನಿಲ್ದಾಣದಲ್ಲೇ ಇಳಿದುಹೋದಳು. ಮನೆಗೆ ಬಂದ ಮಗಳು ಚಪ್ಪಲಿಯನ್ನೂ ಬಿಡದೆ ಅದನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ ಧಡ್ಡೆಂದು ಇಟ್ಟಳು.

"ಹಿಟ್ಟಿನ ಡಬ್ಬಿ ಇಡೋ ಜಾಗ ಅದು," ಅಂದಳು ಅಮ್ಮ.

"ಒಂದು ಗಂಟೆ ಅಷ್ಟೇ. ಒಲೆ ಉರೀತಾ ಇರ್ಲಿ."

ಅಮ್ಮ ಒಂದು ಸ್ಟೂಲಿನ ಮೇಲೆ ಕೂತು, ಎಡಗಾಲನ್ನು ಇನ್ನೊಂದರ ಮೇಲೆ ಚಾಚಿ, ಆಲೂಗೆಡ್ಡೆ ಸುಲಿಯುತ್ತಿದ್ದಳು. ಆ ಕಾಲಿನೊಳಗೆ ಈಗ ಉಕ್ಕಿನ ಪಟ್ಟಿಯಿತ್ತು. ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ನೆಲ ನಡುಗಿತ್ತು, ಹತ್ತು ಎಣಿಸುವಷ್ಟು ಹೊತ್ತು. ಬೀದಿಯ ಎಷ್ಟೋ ಮನೆಗಳು ಬಿರುಕುಬಿಟ್ಟವು. ಈ ಮನೆಯ ಹಿಂದಿನ ಕೋಣೆಯ ಗೋಡೆ ಮಾತ್ರ ಪೂರ್ತಿಯಾಗಿ ಒಳಕ್ಕೆ ಮಲಗಿಬಿಟ್ಟಿತು, ಅಲ್ಲಿ ಬಟ್ಟೆ ಮಡಿಸುತ್ತಿದ್ದ ಅಮ್ಮನ ಕಾಲಿನ ಮೇಲೆ. ಅದನ್ನು ಕಟ್ಟಿದವನು ಅಪ್ಪ. ಅಪ್ಪ ಹೆಸರುವಾಸಿ ಮೇಸ್ತ್ರಿ. ಅವನು ಬೇರೆಯವರಿಗೆ ಕಟ್ಟಿಕೊಟ್ಟ ಮನೆಗಳಲ್ಲಿ ಒಂದಕ್ಕೂ ಕೂದಲೆಳೆಯಷ್ಟು ಬಿರುಕು ಬಂದಿರಲಿಲ್ಲ. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. "ಆವತ್ತು" ಅನ್ನುತ್ತಿದ್ದರು, ಅಷ್ಟೇ. ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಹೆಸರೆತ್ತದೆ "ಅವನು" ಅನ್ನುವ ಹಾಗೆ.

ಆವತ್ತಿನಿಂದ ಅಮ್ಮ ಯಾವ ಗೋಡೆಯ ಪಕ್ಕವೂ ಮಲಗಿರಲಿಲ್ಲ. ಅಂಗಳದಲ್ಲಿ ನಾಲ್ಕು ಕಂಬದ ಮೇಲೆ ಹೊದಿಸಿದ ತಗಡಿನ ಕೆಳಗೆ ಮಂಚ ಹಾಕಿಸಿಕೊಂಡಿದ್ದಳು. ಚಳಿಗಾಲ ಹತ್ತಿರ ಬರುತ್ತಿತ್ತು. "ಚಳಿ ತಾಗಿದ್ರೆ ಈ ಕಾಲು ನಿಮ್ಮ ಮಾತು ಕೇಳೋದಿಲ್ಲ," ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಚಳಿಗೆ ಮುಂಚೆ ಹಿಂದಿನ ಕೋಣೆ ಏಳಬೇಕು, ಅಮ್ಮ ಅದರೊಳಗೆ ಮಲಗಬೇಕು. ಈ ಮನೆಯವರೆಲ್ಲ ಒಪ್ಪಿದ್ದು ಇದೊಂದನ್ನೇ.

ಅಪ್ಪ ಕೈಕಾಲು ತೊಳೆದು ಒಳಗೆ ಬಂದವನು ಕಟ್ಟೆಯ ಮೇಲಿನದನ್ನು ನೋಡಿ ನಿಂತ.

"ಇದೇನಿದು ಅಡುಗೆಮನೇಲಿ?"

"ನಮ್ಮ ಕಾರ್ಖಾನೆ ಬ್ಲಾಕು. ಹಿಂದಿನ ಕೋಣೆಗೆ," ಅಂದಳು ಮಗಳು.

ಅವಳ ಕೆಲಸ ಬ್ಲಾಕು ಎರಕ ಹೊಯ್ಯುವ ಕಾರ್ಖಾನೆಯ ಪರೀಕ್ಷೆ ಮೇಜಿನಲ್ಲಿ. ಒಂದೊಂದೇ ಬ್ಲಾಕನ್ನು ಯಂತ್ರದ ಕೆಳಗಿಟ್ಟು, ಎಷ್ಟು ಭಾರಕ್ಕೆ ಅದು ಬಿರಿಯಿತೆಂದು ಬರೆದಿಡುವುದು. "ನಾನು ಕಟ್ತೀನಿ, ಮಗಳು ಒಡೀತಾಳೆ," ಎಂದು ಅಪ್ಪ ಬಂದವರಿಗೆಲ್ಲ ಹೇಳಿ ನಗುತ್ತಿದ್ದ ಕಾಲವೊಂದಿತ್ತು. ಅವಳಿಗೆ ಸುತ್ತಿಗೆ ಅಂತ ಹೆಸರಿಟ್ಟವನೂ ಅವನೇ. ಈಗ ಹೆಸರು ಉಳಿದಿತ್ತು, ನಗು ಹೋಗಿತ್ತು.

ಅಪ್ಪ ಚೀಲದಿಂದ ಕರಣೆ ತೆಗೆದು ಅದರ ಹಿಡಿಯಿಂದ ಬ್ಲಾಕನ್ನು ತಟ್ಟಿದ. ಕಿವಿಗೊಟ್ಟ. ಮತ್ತೆ ತಟ್ಟಿದ.

"ಮಾತಾಡಲ್ಲ ಇದು."

"ಮಾತಾಡೋಕಲ್ಲ ಅಪ್ಪಾ ಅದು ಇರೋದು. ನಿಲ್ಲೋಕೆ."

"ಮೂವತ್ತೈದು ವರ್ಷ ತಟ್ಟಿ ತಟ್ಟಿ ಇಟ್ಟಿಗೆ ಆರಿಸಿದ್ದೀನಿ. ಒಳ್ಳೇದು ಟಣ್ ಅನ್ನುತ್ತೆ. ಕೆಟ್ಟದ್ದು ಟಪ್ ಅನ್ನುತ್ತೆ. ಇದು ಏನೂ ಅನ್ನಲ್ಲ. ಹೆಣ."

"ಒಳಗೆ ಫೋಮಿನ ಬಿಳೀ ಹಲಗೆ ಇದೆ. ಅದು ಸದ್ದನ್ನೂ ನುಂಗುತ್ತೆ, ಚಳೀನೂ ನುಂಗುತ್ತೆ. ಪಕ್ಕದ ತೂತುಗಳಲ್ಲಿ ಅಲ್ಲಲ್ಲಿ ಕಂಬಿ ಇಳಿಸಿ ಕಾಂಕ್ರೀಟ್ ಹುಯ್ದರೆ ಪಾಯದಿಂದ ತಲೆವರೆಗೂ ಇಡೀ ಗೋಡೆ ಒಂದೇ ಮೈ. ನೆಲ ಅಲ್ಲಾಡಿದ್ರೆ ಒಟ್ಟಿಗೇ ಅಲ್ಲಾಡುತ್ತೆ, ಬಿಡಿಬಿಡಿಯಾಗಿ ಕಳಚಿಕೊಳ್ಳಲ್ಲ."

"ಫೋಮಾ? ಟಿವಿ ಡಬ್ಬದಲ್ಲಿ ಬರುತ್ತಲ್ಲ, ಅದಾ? ನಾನು ಮನೆ ಕಟ್ಬೇಕೋ ಪಾರ್ಸಲ್ ಕಟ್ಬೇಕೋ?"

ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದ ಅಣ್ಣ ಕಿಸಕ್ಕೆಂದು ನಕ್ಕ. ಅವನು ಮನೆಗಳಿಗೆ ವೈರು ಎಳೆಯುವ ಎಲೆಕ್ಟ್ರಿಷಿಯನ್. ಮಗಳು ತಿರುಗಿ ಗುರಾಯಿಸಿದಳು.

"ನೀನ್ಯಾಕೆ ಹಲ್ಲು ಕಿರೀತೀಯ?"

"ನಂದೇನಿದೆ ತಾಯಿ. ನೀವು ಯಾವ ಗೋಡೆ ಎಬ್ಬಿಸಿದ್ರೂ ನಾನು ತೂತು ಕೊರೆಯೋನು."

ಮಗಳು ಅವನನ್ನು ಅಲ್ಲಿಗೇ ಬಿಟ್ಟು ಅಜ್ಜಿಯ ಕೈ ಹಿಡಿದು ಒಲೆಯ ಹತ್ತಿರ ಕರೆತಂದಳು. ಬ್ಲಾಕು ಇಟ್ಟು ಒಂದು ಗಂಟೆಯಾಗಿತ್ತು. ಬ್ಲಾಕಿನ ಒಲೆ ಕಡೆಯ ಮುಖ ಮುಟ್ಟಲಾಗದಷ್ಟು ಕಾದಿತ್ತು. "ಈ ಕಡೆ ಮುಟ್ಟು ಅಜ್ಜಿ." ಅಜ್ಜಿ ಆಚೆ ಮುಖದ ಮೇಲೆ ಅಂಗೈ ಇಟ್ಟಳು, ತೆಗೆದಳು, ಕೆನ್ನೆಯನ್ನೇ ಒತ್ತಿ ನೋಡಿದಳು.

"ಅಯ್ಯೋ, ತಣ್ಣಗಿದೆಯಲ್ಲೇ! ಏಳು ಸಮುದ್ರದ ಆಚೆ, ಗಿಳಿಯೊಳಗೆ ರಾಕ್ಷಸನ ಪ್ರಾಣ ಬಚ್ಚಿಟ್ಟ ಹಾಗಾಯ್ತು. ಇದರ ಪ್ರಾಣ ಆ ಬಿಳೀ ಹಲಗೇಲಿ."

"ಶುರುವಾಯ್ತು," ಅಂದ ಅಪ್ಪ ತನ್ನ ತಾಯಿಗೆ. "ಅಮ್ಮಾ, ನಿನ್ನ ಗಿಳಿ ಮನೆ ಹೊರಲ್ಲ. ಇಟ್ಟಿಗೆ ಹೊರುತ್ತೆ."

ಆಲೂಗೆಡ್ಡೆಯ ಚಾಕು ನಿಂತಿತು. ಅಮ್ಮ ತಲೆಯೆತ್ತದೆ ಹೇಳಿದಳು:

"ಇದರಲ್ಲೇ ಕಟ್ಟಿ."

"ನಿನಗೇನು ಗೊತ್ತು ಇದರ ವಿಚಾರ?"

"ಮಲಗೋಳು ನಾನು. ಇದರಲ್ಲಿ ಕಟ್ಟಿದ್ರೆ ಒಳಗೆ ಬರ್ತೀನಿ. ಇಲ್ಲಾಂದ್ರೆ ತಗಡಿನ ಕೆಳಗೇ ಇರ್ತೀನಿ, ಈ ಕಾಲು ಅಲ್ಲೇ ಹೆಪ್ಪುಗಟ್ಟಲಿ."

ಅಪ್ಪನ ಕಿವಿಗಳು ಕೆಂಪಾದವು. ಊಟ ಬಡಿಸಿದಾಗ ಅವನು ಬಂದು ಕೂತ. ಆಮೇಲೆ ತಟ್ಟೆಯನ್ನು ನೋಡುತ್ತ ಅಂದ: "ಆಗ್ಲಿ. ಆದ್ರೆ ಕಟ್ಟೋದು ನಾನೇ. ಈ ಮನೆ ಗೋಡೆ ಮೇಲೆ ಬೇರೆ ಮೇಸ್ತ್ರಿ ಕೈ ಬಿದ್ರೆ ನಾನು ಆಚೆ ಹೋಗ್ತೀನಿ. ಹೋದೋನು ತಿರುಗಿ ಬರಲ್ಲ."

"ನಾನು ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೊಡ್ತೀನಿ, ಯಾವ ತೂತಿಗೆ ಕಾಂಕ್ರೀಟು, ಯಾವುದು ಹಾಗೇ ಬಿಡಬೇಕು ಅಂತ," ಅಂದಳು ಮಗಳು. "ಅದರ ಪ್ರಕಾರ ಕಟ್ಟಬೇಕು."

"ನನಗೆ ಗುರುತು ಹಾಕ್ತೀಯಾ? ನನಗೆ?"

"ನಿಮಗೇ."

ಬೇಳೆಯ ಪಾತ್ರೆ ಸುತ್ತು ಬಂದಾಗ ಅಪ್ಪ ಬಡಿಸಿಕೊಳ್ಳದೆ ಎದ್ದ.

*

ಮುಂದಿನ ವಾರ ಲಾರಿ ಬಂದು ಬ್ಲಾಕುಗಳನ್ನು ಅಂಗಳದಲ್ಲಿ ಇಳಿಸಿತು. ದುಡ್ಡನ್ನು ಮಗಳ ಸಂಬಳದಲ್ಲಿ ಮುರಿದುಕೊಳ್ಳುವ ಮಾಲು ಅದು. ಅಪ್ಪ ಅವುಗಳ ಸುತ್ತ ಒಂದು ಸುತ್ತು ಬಂದು, ಅಕ್ಕಪಕ್ಕದವರು ಕೇಳುವ ಹಾಗೆ "ಸುತ್ತಿಗೆಯಮ್ಮನವರ ಅರಮನೆ" ಅಂದ. ಪಕ್ಕದ ಮನೆಯ ದರ್ಜಿ ಕಿಟಕಿಯಲ್ಲಿ ನಕ್ಕ. ಮಗಳು ಕೇಳಿಸದವಳಂತೆ ಪ್ರತಿ ಬ್ಲಾಕಿನ ನೆತ್ತಿಯ ಮೇಲೆ ಸೀಮೆಸುಣ್ಣದಲ್ಲಿ ಬರೆಯತೊಡಗಿದಳು: ಗುಣಿಸು ಚಿಹ್ನೆಯಿದ್ದಲ್ಲಿ ಕಂಬಿ ಮತ್ತು ಕಾಂಕ್ರೀಟು, ಸೊನ್ನೆಯಿದ್ದಲ್ಲಿ ಖಾಲಿ, ಫೋಮು ಎಲ್ಲದರಲ್ಲೂ ಇದ್ದ ಹಾಗೆಯೇ.

ಬ್ಲಾಕುಗಳ ಮೊದಲ ಸಾಲು, ಮೊದಲ ವರಸೆ, ಎದ್ದಿತು. ಎರಡನೆಯದೂ ಎದ್ದಿತು. ಅಪ್ಪನ ಕೈ ಎಂದಿನಂತೆ ಚೊಕ್ಕ. ನೂಲು ಹಿಡಿದರೆ ಒಂದು ಬ್ಲಾಕೂ ಆಚೀಚೆ ಇರಲಿಲ್ಲ. ಮಗಳು ಕೆಲಸದಿಂದ ಬಂದವಳೇ ಊಟಕ್ಕೂ ಮುಂಚೆ ಗೋಡೆಯ ಹತ್ತಿರ ಹೋಗಿ ತೂತುಗಳಲ್ಲಿ ಕಡ್ಡಿ ಇಳಿಸಿ ನೋಡುತ್ತಿದ್ದಳು.

"ಪರೀಕ್ಷೆ ಮುಗೀತಾ? ಪಾಸೋ ಫೇಲೋ?" ಎನ್ನುತ್ತಿದ್ದ ಅಪ್ಪ.

"ಇವತ್ತು ಪಾಸು."

ಮೂರನೆಯ ದಿನ ಅವಳು ಬೇಗ ಬಂದಳು. ಅಂಗಳದ ಮೂಲೆಯಲ್ಲಿದ್ದ ನೀರಿನ ತೊಟ್ಟಿಯಲ್ಲಿ ಬ್ಲಾಕುಗಳು ನೆತ್ತಿಯವರೆಗೆ ಮುಳುಗಿ ಕೂತಿದ್ದವು, ಸ್ನಾನಕ್ಕಿಳಿದ ಎಮ್ಮೆಗಳ ಹಾಗೆ. ಗುಳುಗುಳು ಗುಳ್ಳೆ ಬರುತ್ತಿತ್ತು. ಅವಳು ಬರೆದಿದ್ದ ಸೀಮೆಸುಣ್ಣ ಹಾಲಿನಂತೆ ನೀರಿನ ಮೇಲೆ ತೇಲುತ್ತಿತ್ತು.

"ಅಪ್ಪಾ!"

"ಕಿರುಚ್ಬೇಡ. ಇಟ್ಟಿಗೆ ಒಣಗಿದ್ರೆ ಗಾರೆ ನೀರು ಕುಡಿದುಬಿಡುತ್ತೆ. ನೆನೆಸಿ ಕಟ್ಟಬೇಕು."

"ಇದು ಇಟ್ಟಿಗೆ ಅಲ್ಲ! ಇದನ್ನ ನೆನೆಸಬಾರದು. ನೀರು ಕುಡಿದು ಕಟ್ಟಿದ ಮೇಲೆ ಒಣಗಿ ಕುಗ್ಗುತ್ತೆ, ಸಂದಿ ಸಂದೀಲಿ ಬಿರುಕು ಬಿಡುತ್ತೆ. ಮೊದಲನೇ ದಿನಾನೇ ಹೇಳಿದ್ದೆ, ಬರೆದೂ ಕೊಟ್ಟಿದ್ದೆ."

"ನೀನು ಹುಟ್ಟೋಕೆ ಮುಂಚಿಂದ ನೆನೆಸಿ ಕಟ್ತಿದ್ದೀನಿ ಕಣೇ. ನಾನು ನೆನೆಸಿ ಕಟ್ಟಿದ ಮನೆಗಳಲ್ಲಿ ಜನ ಮೊಮ್ಮಕ್ಕಳನ್ನ ಆಡಿಸ್ತಿದ್ದಾರೆ."

"ಬೇರೆಯವರ ಮನೆ ಬಿಡಿ. ನಮ್ಮನೇಲಿ ನೆನೆಸಿ ಕಟ್ಟಿದ್ದು ಎಲ್ಲಿದೆ? ತೋರಿಸಿ ನೋಡೋಣ."

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಅಜ್ಜಿ ಬಿಡಿಸುತ್ತಿದ್ದ ಸೊಪ್ಪನ್ನು ಬಿಟ್ಟಳು. ಮೂರು ತಿಂಗಳು ಯಾರೂ ಮುಟ್ಟದೆ ಇಟ್ಟಿದ್ದ ಮಾತು ಅಂಗಳದ ನಡುವೆ ಬಿದ್ದಿತ್ತು, ಎತ್ತಿ ಒಳಗಿಡುವವರಿಲ್ಲ.

ಅಪ್ಪ ತೊಟ್ಟಿಯ ಬಿರಡೆ ಕಿತ್ತ. ನೀರೆಲ್ಲ ಹರಿದುಹೋಗುವವರೆಗೆ ಅದನ್ನೇ ನೋಡುತ್ತ ನಿಂತ. ಆಮೇಲೆ ಅಜ್ಜಿಯ ಕಡೆ ತಿರುಗಿ, ಮಗಳು ಎರಡು ಮಾರು ದೂರದಲ್ಲಿದ್ದರೂ, ಹೇಳಿದ:

"ಅಮ್ಮಾ, ಆ ಸುತ್ತಿಗೆಗೆ ಹೇಳು. ಇವು ಒಣಗೋವರೆಗೂ ಕೆಲಸ ಇಲ್ಲ. ಇನ್ನು ಮೇಲೆ ಅವಳ ಬಾಯಿಂದ ಬರೋದು ನನ್ನ ಕಿವಿಗೆ ಬೀಳಕೂಡದು."

"ಕೇಳಿಸ್ತೇನೇ?" ಅಂದಳು ಅಜ್ಜಿ.

"ಕೇಳಿಸ್ತು. ಇವು ಒಣಗೋಕೆ ಎರಡು ವಾರ ಬೇಕು, ಚಳಿ ಕಾಯಲ್ಲ ಅಂತ ಅವರಿಗೂ ಹೇಳು."

"ಕೇಳಿಸ್ತೇನೋ?"

ಅಪ್ಪ ಆಗಲೇ ಬೀದಿಗೆ ಇಳಿದಿದ್ದ.

*

ಎರಡು ವಾರ ಒಣಗುವುದರಲ್ಲೇ ಹೋಯಿತು. ತೊಳೆದುಹೋದ ಗುರುತುಗಳನ್ನು ಮಗಳು ಮತ್ತೆ ಹಾಕಿ, ಕಾಗದದ ಮೇಲೆ ನಕ್ಷೆಯನ್ನೂ ಬರೆದುಕೊಟ್ಟಳು. ಕೆಲಸ ಮತ್ತೆ ಶುರುವಾದಾಗ ಅಮ್ಮ ಅಂಗಳದಲ್ಲಿ ಎರಡು ಕಂಬಳಿ ಹೊದೆಯುತ್ತಿದ್ದಳು. ಬೆಳಗ್ಗೆ ಏಳುವಾಗ ಎಡಗಾಲು ಮರದ ಕೊರಡಾಗಿರುತ್ತಿತ್ತು. ಬಿಸಿನೀರಿನ ಬಟ್ಟೆ ಸುತ್ತಿ ಅರ್ಧ ಗಂಟೆ ತಿಕ್ಕಿದ ಮೇಲೆ ಅದು ಅವಳ ಕಾಲಾಗುತ್ತಿತ್ತು. ತಿಕ್ಕುವುದು ಅಪ್ಪ. 

ಕಾರ್ಖಾನೆಯಲ್ಲಿ ಹೊಸ ಅಚ್ಚು ಬಂದು ಮಗಳಿಗೆ ದಿನವೂ ಕತ್ತಲಾಗುವವರೆಗೆ ಕೆಲಸ. ಅವಳು ಮನೆಗೆ ಬರುವಷ್ಟರಲ್ಲಿ ಆ ದಿನದ ವರಸೆಯ ಮೇಲೆ ಗೋಣಿತಾಟು ಹೊದಿಸಿರುತ್ತಿತ್ತು. ಮೇಲೆ ಬೀದಿಯ ದೀಪದ ಮಂಕು ಬೆಳಕು. ಕಡ್ಡಿ ಇಳಿಸಿ ನೋಡುವುದು ನಿಂತುಹೋಯಿತು.

ಮನೆಯ ಮಾತೆಲ್ಲ ಅಜ್ಜಿಯ ಮೂಲಕ ಹೋಗಿಬರುತ್ತಿತ್ತು.

"ಕಂಬಿ ಸಾಲದು, ಇನ್ನೂ ಬೇಕು ಅಂತ ಆ ಸುತ್ತಿಗೆಗೆ ಹೇಳಮ್ಮ."

"ನನ್ನ ಗುರುತಿನ ಪ್ರಕಾರ ಕಂಬಿ ಮಿಗಬೇಕು, ಸಾಲದೆ ಹೋಗಲ್ಲ ಅಂತ ಹೇಳಜ್ಜಿ."

"ನನ್ನ ಗಂಟಲು ಒಣಗಿತು," ಅಂದಳು ಅಜ್ಜಿ. "ಕಥೇಲಿ ಇಬ್ಬರು ರಾಜರ ನಡುವೆ ಓಡಾಡೋ ದೂತನಿಗೆ ಮುತ್ತಿನ ಹಾರ ಆದ್ರೂ ಸಿಗುತ್ತೆ. ನನಗೆ ಒಂದು ಲೋಟ ಚಹಾ ಆದ್ರೂ ಕೊಡಿ."

ಒಂದು ಭಾನುವಾರ ಅಣ್ಣ ಮಂಚದ ಪಕ್ಕದ ದೀಪಕ್ಕೆ ಪೈಪು ಇಳಿಸಲು ಡ್ರಿಲ್ ತಂದ. ಮಗಳು ಆವತ್ತೂ ಕಾರ್ಖಾನೆಯಲ್ಲಿದ್ದಳು. ಸೊಂಟದೆತ್ತರದಲ್ಲಿ ಡ್ರಿಲ್ ಒಂದು ಬೆರಳು ಇಳಿದು ಕಿರ್ರೆಂದು ನಿಂತಿತು. ಒಂದು ಅಲಗು ಮುರಿಯಿತು. ಪಕ್ಕದಲ್ಲಿ ಕೊರೆದ, ಅಲ್ಲೂ ಮುರಿಯಿತು.

"ಅಪ್ಪಾ, ಇಲ್ಲಿ ಟೊಳ್ಳು ಇರಬೇಕಲ್ವಾ? ಬಂಡೆ ಇದ್ದ ಹಾಗಿದೆ."

"ಮೇಲಿಂದ ಎಳಿ ವೈರು."

"ಅವಳು ಕೊಟ್ಟ ನಕ್ಷೇಲಿ..."

"ಮೇಲಿಂದ ಎಳಿ ಅಂದೆ. ಮತ್ತೆ ಇದು ಅವಳವರೆಗೆ ಹೋಗೋದು ಬೇಡ."

ಅಣ್ಣ ಅಪ್ಪನ ಮುಖ ನೋಡಿದ, ಗೋಡೆ ನೋಡಿದ, ಮುರಿದ ಅಲಗುಗಳನ್ನು ಜೇಬಿಗೆ ಹಾಕಿಕೊಂಡ. ವೈರನ್ನು ಮೇಲಿಂದ ಎಳೆದ.

*

ಕೋಣೆ ಮುಗಿದದ್ದು ಮೊದಲ ಇಬ್ಬನಿ ಬಿದ್ದ ವಾರ. ಗಾರೆ ಮೆತ್ತಿ, ಸುಣ್ಣ ಬಳಿದು, ಕಿಟಕಿಗೆ ಗಾಜು ಕೂರಿಸಿದ್ದಾಯಿತು. ಅಮ್ಮನ ಮಂಚವನ್ನು ಅಪ್ಪ ಮತ್ತು ಅಣ್ಣ ಹೊತ್ತು ತಂದು ಹೊಸ ಗೋಡೆಗೆ ತಾಗಿಸಿ ಇಟ್ಟರು. ಅಮ್ಮ ಕೋಲೂರಿ ಬಂದು ಹೊಸ್ತಿಲಲ್ಲಿ ನಿಂತಳು. ಕೋಲಿನಿಂದ ಗೋಡೆಯನ್ನು ಒಂದು ಸಲ ಚುಚ್ಚಿ ನೋಡಿದಳು.

"ಒಂದು ವಾರ ನೋಡ್ತೀನಿ," ಅಂದಳು. ಮಲಗಿದಳು. ಆದರೆ ಬಟ್ಟೆಬರೆ ಮಾತ್ರ ಅಂಗಳದ ಪೆಟ್ಟಿಗೆಯಲ್ಲೇ ಉಳಿಯಿತು.

ನಾಲ್ಕನೆಯ ಬೆಳಗ್ಗೆ ಅವಳ ದಿಂಬು ಒದ್ದೆಯಾಗಿತ್ತು.

ಗೋಡೆಯ ಮೇಲೆ ನೀರು ಮೂಡಿತ್ತು. ಎಲ್ಲೆಲ್ಲೂ ಅಲ್ಲ. ಕೆಳಗೆ ಒಣ, ಮೇಲೆ ಒಣ. ನಡುವೆ ಮಾತ್ರ, ಮಲಗಿದವಳ ಮೈಯಿಂದ ಕೂತವಳ ತಲೆಯವರೆಗೆ, ಅಗಲವಾದ ಒಂದು ಪಟ್ಟಿ, ಈ ತುದಿಯಿಂದ ಆ ತುದಿಗೆ. ಯಾರೋ ಒದ್ದೆ ರಿಬ್ಬನ್ ಅಂಟಿಸಿದಷ್ಟು ನೇರ. ಹನಿಗಳು ಸೇರಿ ಸೇರಿ ಕೆಳಗೆ ಇಳಿಯುತ್ತಿದ್ದವು. ಅಮ್ಮ ಕಂಬಳಿ ಸುತ್ತಿಕೊಂಡು, ಕೋಲು ಹಿಡಿದು, ಅಂಗಳದ ತಗಡಿನ ಕೆಳಗೆ ಹೋಗಿ ಕೂತಳು.

ಅಪ್ಪನಿಗೆ ಅವತ್ತು ಅಜ್ಜಿಯೂ ಬೇಕಾಗಲಿಲ್ಲ. ಅಡುಗೆಮನೆಯ ನಡುವೆ ನಿಂತು ಎಲ್ಲರಿಗೂ ಹೇಳಿದ:

"ನೋಡಿದ್ರಾ? ಚಳಿ ನುಂಗೋ ಬ್ಲಾಕು! ಚಳಿ ನುಂಗಿ ನೀರು ಕಕ್ಕುತ್ತೆ. ನಾನು ಮೊದಲೇ ಹೇಳಿದ್ದೆ ಹೆಣ ಅಂತ. ಒಂದು ಇಟ್ಟಿಗೆ ಗೋಡೆ ಈ ಥರ ಅತ್ತಿದ್ದು ನೋಡಿದ್ದೀರಾ ನೀವು?"

ಮಗಳು ರೊಟ್ಟಿ ಮುರಿಯುತ್ತಿದ್ದವಳು ತನ್ನ ಕೈಯನ್ನೇ ನೋಡಿಕೊಂಡಳು.  ಅದೇ ಕೈಯಲ್ಲಿ ಬ್ಲಾಕು ಪರೀಕ್ಷಿಸಿದ್ದಳು, ಅದೇ ಕೈಯಲ್ಲಿ ಗುರುತು ಹಾಕಿದ್ದಳು.

"ಎಲ್ಲಾ ಬ್ಲಾಕೂ ಒಂದೇ ಅಚ್ಚಿನದು," ಅಂದಳು ಕೊನೆಗೆ. "ಕೆಲವು ಮಾತ್ರ ಬೆವರೋದು ಹೇಗೆ?"

"ಅದನ್ನ ನಿಮ್ಮಜ್ಜಿ ಗಿಳೀನ ಕೇಳು."

ಅಣ್ಣ ಚಹಾ ಮುಗಿಸದೆ ಎದ್ದು ಕೆಲಸಕ್ಕೆ ಹೊರಟ.

ಕಾರ್ಖಾನೆಯಲ್ಲಿ ಅವಳು ಮನೆಗೆ ಬಂದವುಗಳ ಜೊತೆಗೇ ಎರಕವಾದ ಎರಡು ಬ್ಲಾಕನ್ನು ಗರಗಸದಿಂದ ಸೀಳಿಸಿದಳು. ಒಳಗೆ ಫೋಮು ನೆಟ್ಟಗೆ, ಬಿಳಿಯಾಗಿ, ಒಣಗಿ ಕೂತಿತ್ತು. ಮೇಲ್ವಿಚಾರಕ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದ.

"ನಿಮ್ಮನೆ ಗೋಡೆಗೆ ಬೆವರು ಬಂದ್ರೆ ನನ್ನ ಬ್ಲಾಕಿಗೆ ಯಾಕಮ್ಮ ಜ್ವರ ಅಂತೀಯ? ಕಟ್ಟಿದೋರನ್ನ ಕೇಳು."

"ನಮ್ಮಪ್ಪ ಕಟ್ಟಿದ್ದು. ಅವರ ಕೈ ತಪ್ಪಲ್ಲ."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು, ಆ ಮಾತು ತನ್ನ ಬಾಯಿಂದ ಬಂದದ್ದು.

*

ಭಾನುವಾರ ಮಧ್ಯಾಹ್ನ ಅಜ್ಜಿ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಮಗಳು ಸಿಪ್ಪೆಯ ಬುಟ್ಟಿ ಎತ್ತಲು ಬಗ್ಗಿದಾಗ ಅಜ್ಜಿಯ ಸೀರೆಯ ಅಂಚಿನಡಿ ಏನೋ ಬೆಳ್ಳಗೆ ಇಣುಕಿತು.

"ಅಜ್ಜಿ, ಸ್ವಲ್ಪ ಏಳು."

"ಯಾಕೆ? ಬೆಚ್ಚಗಿದೆ."

"ಏಳಜ್ಜಿ."

ಅಜ್ಜಿಯ ಕೆಳಗಿದ್ದದ್ದು ಫೋಮಿನ ಹಲಗೆ. ಒಂದಲ್ಲ, ಮೂರು, ಒಂದರ ಮೇಲೊಂದು. ಅಂಚಿನಲ್ಲಿ ಬ್ಲಾಕಿನ ತೋಡಿಗೆ ಕೂರುವ ಗೀರುಗಳು.

"ಎಲ್ಲಿಂದ ಬಂತು ಇದು?"

"ಕಾಗೆ ತಂದು ಹಾಕ್ತು."

"ಅಜ್ಜೀ!"

"ನೋಡು, ಎಲ್ಲಾ ಕಥೇಲೂ ಕೇಳಬಾರದ ಪ್ರಶ್ನೆ ಅಂತ ಒಂದಿರುತ್ತೆ..." ಅಜ್ಜಿ ಅಷ್ಟಕ್ಕೇ ನಿಲ್ಲಿಸಿದಳು. ಆದರೆ ಕಣ್ಣು ತಾನಾಗಿ ನೀರಿನ ತೊಟ್ಟಿಯ ಹಿಂದಕ್ಕೆ ಹೋಯಿತು.

ತೊಟ್ಟಿಯ ಹಿಂದೆ ಗೋಣಿತಾಟಿನ ಕೆಳಗೆ ಅವೆಲ್ಲ ಇದ್ದವು, ಒಪ್ಪವಾಗಿ ಜೋಡಿಸಿ. ಅಪ್ಪ ಯಾವುದನ್ನೂ ಒಗೆಯುವವನಲ್ಲ. ಮಗಳು ಎಣಿಸಿದಳು. ಅಜ್ಜಿಯ ಮೂರೂ ಸೇರಿ ಮೂವತ್ತೊಂಬತ್ತು. ಒಂದು ವರಸೆಗೆ ಹತ್ತು ಬ್ಲಾಕು. ಒದ್ದೆ ಪಟ್ಟಿ ಇದ್ದದ್ದು ಮೂರನೆಯಿಂದ ಆರನೆಯ ವರಸೆಯವರೆಗೆ.

"ಇನ್ನೊಂದು?"

ಅಜ್ಜಿ ಚಪ್ಪಲಿ ಬಿಚ್ಚಿ ತೋರಿಸಿದಳು. ಒಳಗೆ ಪಾದದ ಅಳತೆಗೆ ಕತ್ತರಿಸಿದ ಬಿಳಿ ಅಟ್ಟೆ.

ಮಗಳು ಒಳಗೆ ಹೋದಳು. ಅಣ್ಣ ಎದುರು ಸಿಕ್ಕ. ಅವಳ ಕೈಯಲ್ಲಿದ್ದ ಹಲಗೆ ನೋಡಿ ಅವನು ಕಣ್ಣು ತಪ್ಪಿಸಿದ. ಅಷ್ಟು ಸಾಕಾಯಿತು.

"ನಿನಗೆ ಗೊತ್ತಿತ್ತು!"

"ಡ್ರಿಲ್ ಇಳೀಲಿಲ್ಲ. ಆದ್ರೆ ಹೇಳಿದ್ರೆ ಮನೇಲಿ ಮತ್ತೆ..."

"ಮನೇಲಿ ಈಗೇನು ಹಾಡು ಹೇಳ್ತಿದ್ದಾರಾ? ಹೇಡಿ!"

ಅವಳು ಅಪ್ಪನ ಉಪಕರಣದ ಪೆಟ್ಟಿಗೆಯಿಂದ ದೊಡ್ಡ ಸುತ್ತಿಗೆ ಎಳೆದುಕೊಂಡು ಹಿಂದಿನ ಕೋಣೆಗೆ ನುಗ್ಗಿದಳು. ಅಪ್ಪ ಅಲ್ಲೇ ಇದ್ದ, ಬಟ್ಟೆಯಿಂದ ಗೋಡೆಯ ನೀರು ಒರೆಸುತ್ತ. ಹಲಗೆಯನ್ನೂ ಸುತ್ತಿಗೆಯನ್ನೂ ಕಂಡು ಬೆನ್ನನ್ನು ಗೋಡೆಗೆ ಕೊಟ್ಟು ನಿಂತ.

"ಅಲ್ಲಿಂದ ಆಚೆ ಸರಿ," ಅಂದಳು ಮಗಳು.

"ಮುಟ್ಟು ನೋಡೋಣ."

"ನೀನೇ ಕಿತ್ತು, ನೀನೇ ತುಂಬಿ, ಎಲ್ಲರೆದುರು ನನ್ನ ಮುಖಕ್ಕೆ ಮಸಿ ಬಳಿದ್ಯಲ್ಲ!" ಹುಟ್ಟಿದಾರಭ್ಯ ಅವಳು ಅಪ್ಪನಿಗೆ ನೀನು ಅಂದಿರಲಿಲ್ಲ. "ನಾನು ದಿನಗಟ್ಟಲೆ ನನ್ನ ಕೈಯನ್ನೇ ಅನುಮಾನಿಸಿದೆ. ಕಾರ್ಖಾನೇಲಿ ಬೈಸಿಕೊಂಡೆ."

"ಹೌದು, ಕಿತ್ತೆ! ನಿನ್ನ ಪಾರ್ಸಲ್ ಸಾಮಾನು ಕಿತ್ತು ಕಾಂಕ್ರೀಟ್ ಜಡಿದೆ. ಒಂದೊಂದು ತೂತಿಗೂ ಕಂಬಿ ಹಾಕಿದ್ದೀನಿ. ಅವಳು ತಲೆ ಇಡೋ ಜಾಗದಲ್ಲಿ ಟೊಳ್ಳು ಬಿಟ್ಟು ಮೇಲೆ ಸುಣ್ಣ ಬಳಿ ಅಂತೀಯ ನನಗೆ? ಬೆವರಿದ್ರೆ ಬೆವರಲಿ. ಗಟ್ಟಿಯಾಗಿದೆ. ಆನೆ ಬಂದು ಒದ್ರೂ ಬೀಳಲ್ಲ."

"ನನ್ನ ಮೇಲೆ ಬಿದ್ದದ್ದೂ ಗಟ್ಟಿ ಗೋಡೇನೇ."

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳು ಕೋಲೂರಿ ಬಂದದ್ದು ಇಬ್ಬರಿಗೂ ಕೇಳಿಸಿರಲಿಲ್ಲ.

"ಟೊಳ್ಳಾಗಿದ್ದಿದ್ರೆ ಈ ಕಾಲು ಇಷ್ಟು ನುಜ್ಜಾಗ್ತಿರಲಿಲ್ಲ," ಅಂದಳು. "ಕಾಲು ಭಾರಕ್ಕೆ ಮುರೀತು, ಹಗುರಕ್ಕಲ್ಲ."

ಅಪ್ಪನ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ಹಿಂಡಿದ. ಮತ್ತೆ ಹಿಂಡಿದ, ನೀರು ಬರದಿದ್ದರೂ.

"ಆ ಗೋಡೇಲಿ ಪಟ್ಟಿ ಹಾಕಿರಲಿಲ್ಲ ನಾನು," ಅಂದ. "ಬಾಗಿಲ ಮಟ್ಟಕ್ಕೆ ಕಾಂಕ್ರೀಟ್ ಪಟ್ಟಿ ಓಡಿಸಬೇಕಿತ್ತು. ಮೂಲೇಲಿ ಕಂಬಿ..."

"ಗೊತ್ತು."

"ಬೇರೆ ಎಲ್ಲರ ಮನೆಗೂ ಹಾಕಿದ್ದೆ."

"ಗೊತ್ತು ಅಂದ್ನಲ್ಲ. ಗಾರೆ ಕಲಸಿ ಕೈಗೆ ಕೊಟ್ಟೋಳು ನಾನು. ಬೇರೆಯವರ ಕೆಲಸದಲ್ಲಿ ಮಿಕ್ಕಿದ ಇಟ್ಟಿಗೆ, ಎರಡೇ ಭಾನುವಾರ. 'ನಮ್ಮನೇ ತಾನೆ, ಯಾರು ಕೇಳೋರು' ಅಂದ್ರಿ. ನಾನೂ ನಕ್ಕೆ." ಅಮ್ಮ ಮಂಚದ ಅಂಚಿನಲ್ಲಿ ಕೂತಳು. "ಈಗ ಕೇಳೋಳು ಒಬ್ಬಳು ಹುಟ್ಟಿದ್ದಾಳೆ. ಅದಕ್ಕೇ ಉರಿ ನಿಮಗೆ."

 ಮಗಳು ಸುತ್ತಿಗೆಯನ್ನು ಹೆಗಲಿಗೇರಿಸಿದಳು.

"ಆಚೆ ಸರೀರಿ ಅಪ್ಪಾ. ನಾಲ್ಕು ವರಸೆ ಒಡೆದು ಹೊಸದು ಕಟ್ಟೋಣ."

"ಕೆಳಗಿಡು ಅದನ್ನ," ಅಂದಳು ಅಮ್ಮ. "ಒಡೆದದ್ದು ಸಾಕು. ದಿನವೆಲ್ಲ ಒಡೀತೀಯ, ಮನೆಗೆ ಬಂದು ಬಾಯಲ್ಲಿ ಒಡೀತೀಯ. ಒಡೀದೆ ಸರಿಮಾಡೋಕೆ ಬರುತ್ತಾ ನಿನಗೆ? ಬರದೇ ಇದ್ರೆ ಬರಲ್ಲ ಅಂತ ಹೇಳು. ನಾನು ಅಂಗಳಕ್ಕೆ ಹೋಗ್ತೀನಿ."

ಮಗಳು ಗೋಡೆ ನೋಡಿದಳು. ತುಟಿ ಕಚ್ಚಿದಳು. ಸುತ್ತಿಗೆ ನೆಲಕ್ಕಿಳಿಯಿತು.

"ಹೊರಗಡೆಯಿಂದ ಅಂಟಿಸಬಹುದು," ಅಂದಳು ಕೊನೆಗೆ. "ಇದೇ ಹಲಗೆಗಳನ್ನ. ಆ ನಾಲ್ಕು ವರಸೆ ಮೇಲೆ ಹೊರಗಿಂದ ಅಂಟಿಸಿ, ಜಾಲರಿ ಹೊಡೆದು ಗಾರೆ ಮೆತ್ತಿದ್ರೆ ಗೋಡೆಗೆ ಚಳಿ ತಾಗಲ್ಲ. ಚಳಿ ತಾಗದಿದ್ರೆ ಒಳಗೆ ಬೆವರಲ್ಲ."

"ಗೋಡೆ ಉಬ್ಬುತ್ತೆ!" ಅಪ್ಪ ತಟ್ಟನೆ ಅಂದ. "ನಡುವೆ ಸೊಂಟಪಟ್ಟಿ ಕಟ್ಟಿದ ಹಾಗೆ. ಹಿಂದಿನ ಓಣಿಯೋರೆಲ್ಲ ನೋಡ್ತಾರೆ. ನನ್ನ ಗೋಡೇಲಿ ಇವತ್ತಿನವರೆಗೂ ನೂಲು ತಪ್ಪಿಲ್ಲ."

"ನೋಡ್ಲಿ," ಅಂದಳು ಅಮ್ಮ. "ಕೇಳಿದ್ರೆ ಯಾಕೆ ಅಂತ ನೀವೇ ಹೇಳಿ."

ಹೊರಗೆ ಅಜ್ಜಿಯ ದನಿ ಕೇಳಿಸಿತು. ಅಣ್ಣ ಹಲಗೆಗಳನ್ನು ಎತ್ತಿಕೊಳ್ಳುತ್ತಿದ್ದ. "ಮೂಳೆ ಮುದುಕಿ ಕುಂಡೆ ಕೆಳಗಿಂದಾನೂ ಕಿತ್ಕೋತೀರೇನೋ! ಚಪ್ಪಲೀದು ಮಾತ್ರ ಕೊಡಲ್ಲ ಹೋಗಿ!"

*

ಮೂರು ದಿನ ಬಿಸಿಲು ನೋಡಿ ಕೆಲಸ ನಡೆಯಿತು. ಒಂದು ಹಲಗೆ ಮಗಳು ಕಾರ್ಖಾನೆಯಿಂದ ತಂದಳು. ಅಜ್ಜಿ ಚಪ್ಪಲಿ ಬಿಟ್ಟುಕೊಡಲಿಲ್ಲ. ಮಗಳು ಅಂಟು ಬಳಿದು ಹಲಗೆ ಒತ್ತಿದಳು, ಅಣ್ಣ ಜಾಲರಿಗೆ ಮೊಳೆ ಹೊಡೆದ, ಅಪ್ಪ ಗಾರೆ ಮೆತ್ತಿದ. ಮಾತು ಬೇಕಾದಷ್ಟೇ. "ಅಲ್ಲಿ ಒತ್ತು." "ಒತ್ತಿದ್ದೀನಿ." "ಒತ್ತಿಲ್ಲ." ಅಣ್ಣನ ಜೊತೆ ಮಗಳು ಅದನ್ನೂ ಆಡಲಿಲ್ಲ. ದರ್ಜಿ ಓಣಿಯ ಕಡೆಯಿಂದ ಬಂದು ನಿಂತು, ಇದೇನು ಮೇಸ್ತ್ರಿಗಳೇ, ಗೋಡೆ ಬಸುರಾಗಿದೆ ಅಂದ. ಅಪ್ಪನ ದವಡೆ ಬಿಗಿಯಿತು. "ನಾನು ತಪ್ಪು ಕಟ್ಟಿದ್ದೆ," ಅಂದ, ಕರಣೆ ನಿಲ್ಲಿಸದೆ. "ಇನ್ನೇನಾದ್ರೂ ಕೇಳೋದಿದೆಯಾ?" ದರ್ಜಿ ಬಂದ ದಾರಿಯಲ್ಲೇ ಹೊರಟ.

ಗಾರೆ ಬಿಗಿದ ಮೇಲೆ ಅಪ್ಪ ಬಕೆಟ್ಟು ತುಂಬಿಕೊಂಡು ಬಂದ. ಗೋಡೆಯ ಮುಂದೆ ನಿಂತವನು ಹಾಗೇ ನಿಂತ. ಅಜ್ಜಿ ಮೆಟ್ಟಿಲ ಮೇಲೇ ಇದ್ದಳು. ಅವನು ಅವಳ ಕಡೆ ನೋಡಲಿಲ್ಲ.

"ಏಯ್ ಸುತ್ತಿಗೆ. ನೀರು ಹಾಕಬಹುದಾ ಇದಕ್ಕೆ?"

ಮಗಳು ಅಂಟಿನ ಕೈ ಒರೆಸಿಕೊಳ್ಳುತ್ತಿದ್ದಳು.

"ಗಾರೆಗೆ ಹಾಕಿ. ಚಿಮುಕಿಸಿ ಸಾಕು, ಸುರೀಬೇಡಿ."

"ಗೊತ್ತು ನನಗೆ."

"ಗೊತ್ತಿದ್ರೆ ಯಾಕೆ ಕೇಳಿದ್ರಿ?"

ಅಪ್ಪ ನೀರು ಚಿಮುಕಿಸಿದ.

ಅಮ್ಮ ಅಂಗಳದಿಂದ ದಿನವೂ ಬೆಳಗ್ಗೆ ಕೋಲೂರಿ ಬಂದು ಒಳಗಿನ ಗೋಡೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು. ಮೊದಲೆರಡು ದಿನ ಅಂಗೈ ಒದ್ದೆಯಾಯಿತು. ಆಮೇಲೆ ತಂಪು ಮಾತ್ರ. ಅಂಗಳದ ಬಕೆಟ್ಟಿನ ನೀರಿನ ಮೇಲೆ ಗಾಜಿನಂಥ ಪದರ ಕಟ್ಟಿದ ಬೆಳಗ್ಗೆ ಅವಳು ಕೈಯನ್ನು ಗೋಡೆಯ ಈ ತುದಿಯಿಂದ ಆ ತುದಿಗೆ ಎಳೆದು, ಬೆರಳುಗಳನ್ನು ಉಜ್ಜಿ ನೋಡಿ, ಅಣ್ಣನನ್ನು ಕೂಗಿದಳು.

"ಅಂಗಳದಲ್ಲಿರೋ ಪೆಟ್ಟಿಗೆ ಒಳಗೆ ತಂದಿಡೋ."

ಬಟ್ಟೆಬರೆಯ ಪೆಟ್ಟಿಗೆ ಮಂಚದ ಕೆಳಗೆ ಹೋಯಿತು. ಅಮ್ಮ ಕಾಲನ್ನು ಎರಡೂ ಕೈಯಿಂದ ಎತ್ತಿ ಮಂಚಕ್ಕೆ ಹಾಕಿ ಮಲಗಿದಳು. ಆಗ ಹೊರಗೆ ಓಣಿಯಲ್ಲಿ ಅಪ್ಪ ಕೆಲಸಕ್ಕೆ ಹೊರಟವನು ನಿಂತು, ಚೀಲದಿಂದ ಕರಣೆ ತೆಗೆದು, ಹಳೆಯ ಅಭ್ಯಾಸದಂತೆ ಉಬ್ಬಿದ ಪಟ್ಟಿಯನ್ನು ಹಿಡಿಯಿಂದ ತಟ್ಟಿದ. ಕಿವಿಯಿಟ್ಟ. ಮತ್ತೆ ತಟ್ಟಿದ. ಅಮ್ಮ ಅವನನ್ನು ಕಿಟಕಿಯ ಗಾಜಿನಲ್ಲಿ ನೋಡಿದಳು. ಕೋಲಿನ ತುದಿಯಿಂದ ಕಿಟಕಿಯನ್ನು ತಳ್ಳಿ ತೆರೆದಳು.

"ಏನು ಹೇಳುತ್ತೆ?"

"ಏನೂ ಹೇಳಲ್ಲ."

"ಒಳ್ಳೇದಾಯ್ತು. ಈ ಮನೇಲಿ ಬಾಯಿಲ್ಲದ್ದು ಇದೊಂದಾದ್ರೂ ಇರ್ಲಿ," ಅಂದಳು ಅಮ್ಮ. ಕಿಟಕಿ ಮುಚ್ಚಿ, ಕಂಬಳಿ ಎಳೆದುಕೊಂಡು, ಬೆನ್ನನ್ನು ಗೋಡೆಗೆ ಕೊಟ್ಟು ಮಗ್ಗುಲಾದಳು.